ದಂಡು ಹೋದ ದಾರಿ, ದಿಬ್ಬಣ ಬಂದ ದಾರಿ

ಪಾಳೆಗಾರರ ಕಾಲದಲ್ಲಿ ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ಸದ್ದು ಮಾಡಿಕೊಂಡು ಹೋಗುತ್ತಿದ್ದದ್ದು ಎರಡೇ: ದಂಡು, ಇಲ್ಲವೇ ದಿಬ್ಬಣ. ಎರಡಕ್ಕೂ ಕಹಳೆ ಬೇಕು, ಎರಡಕ್ಕೂ ಬಂಡಿ ಬೇಕು, ಎರಡರ ಖರ್ಚೂ ಕೊನೆಗೆ ಬೀಳುವುದು ರೈತನ ತಲೆಯ ಮೇಲೆಯೇ. ದಂಡು ಹೋದದ್ದು ಬಖೈರುಗಳಲ್ಲಿ, ಶಾಸನಗಳಲ್ಲಿ, ಕಂಪನಿ ಸರ್ಕಾರದ ಕಡತಗಳಲ್ಲಿ ದಾಖಲಾಯಿತು. ದಿಬ್ಬಣ ಬಂದದ್ದಕ್ಕೆ ಹೆಚ್ಚೆಂದರೆ ಒಂದು ಸಾಲು: ಇಂಥವನು ಇಂಥವನ ಮಗಳನ್ನು ತಂದುಕೊಂಡ, ಅಷ್ಟೇ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಓಡಾಡಿದರೆ ಆ ಒಂದು ಸಾಲಿನ ತೂಕ ಗೊತ್ತಾಗುತ್ತದೆ. ಇಲ್ಲಿನ ಕೋಟೆಗಳು ಹುಟ್ಟಿದ್ದರಲ್ಲಿ, ಬೆಳೆದದ್ದರಲ್ಲಿ, ಜನರ ಬಾಯಲ್ಲಿ ಉಳಿದದ್ದರಲ್ಲಿ ಮದುವೆಯ ಪಾಲು ಮದ್ದುಗುಂಡಿನ ಪಾಲಿಗಿಂತ ಕಡಿಮೆಯದೇನಲ್ಲ.

ಈಗ ಈ ದಾರಿಯಲ್ಲಿ ದಂಡೂ ಇಲ್ಲ, ಕೋಟೆಗೆ ಬರುವ ದಿಬ್ಬಣವೂ ಇಲ್ಲ. ಬರುವವರು ಬೈಕಿನ ಮೇಲೆ ಇಬ್ಬರು. ಹೊಸದಾಗಿ ಮದುವೆಯಾದವರು, ಮದುವೆ ನಿಶ್ಚಯವಾದವರು, ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಒಂದು ಭಾನುವಾರ ಬಿಡಿಸಿಕೊಂಡು ಬಂದವರು. ಹಂಪಿಗೆ ಹೋಗಿ ಬಂದು, ಬಾದಾಮಿಗೂ ಹೋಗಿ ಬಂದು, ಇನ್ನೆಲ್ಲಿಗೆ ಎಂದು ಕೇಳಿಕೊಂಡಾಗ ಹೊಳೆಯುವ ಹೆಸರುಗಳು ಉಚ್ಚಂಗಿದುರ್ಗ, ಗುಡೇಕೋಟೆ, ಜರಿಮಲೆ. ಅವುಗಳಿಗೆ ಟಿಕೆಟ್ಟಿಲ್ಲ, ಗೈಡಿಲ್ಲ, ಹೆಚ್ಚಿನ ಕಡೆ ಫಲಕವೂ ಇಲ್ಲ. ಒಬ್ಬರು ಕಲ್ಲಿನ ಮೇಲೆ ಕಾಲಿಟ್ಟು ಇನ್ನೊಬ್ಬರಿಗೆ ಕೈ ಕೊಡದಿದ್ದರೆ ಮೇಲಿನ ಬತೇರಿಯನ್ನು ಮುಟ್ಟುವುದು ಕಷ್ಟ. ಜೋಡಿಯಾಗಿ ಹೋಗಲು ಅದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇವುಗಳಲ್ಲಿ ಹಿರಿಯದು ಉಚ್ಚಂಗಿದುರ್ಗ. ಹರಪನಹಳ್ಳಿಯಿಂದ ದಕ್ಷಿಣಕ್ಕೆ, ಜೋಳ–ಮೆಕ್ಕೆಜೋಳದ ಬಯಲಿನ ನಡುವೆ ಒಮ್ಮೆಲೇ ಎದ್ದು ನಿಂತ ಗುಡ್ಡ. ಪಾಳೆಗಾರರ ಹೆಸರೇ ಕೇಳಿಬರದಿದ್ದ ಕಾಲದಿಂದ ಈ ಗುಡ್ಡಕ್ಕಾಗಿ ಹೊಡೆದಾಟ ನಡೆದಿದೆ. 10ನೇ ಶತಮಾನದಲ್ಲಿ ಇದು ನೊಳಂಬರ ಭದ್ರ ನೆಲೆ. ಗಂಗರ ಇಮ್ಮಡಿ ಮಾರಸಿಂಹ ಅವರನ್ನು ಸದೆಬಡಿದು 'ನೊಳಂಬಕುಲಾಂತಕ' ಎಂದು ಕರೆಸಿಕೊಂಡ. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೆಂಬವನೊಡನೆ ಕಾದಿದ್ದಕ್ಕೆ ಗಂಗರ ಮಂತ್ರಿ, ದಂಡನಾಯಕ ಚಾವುಂಡರಾಯನಿಗೆ 'ರಣರಂಗಸಿಂಗ' ಎಂಬ ಬಿರುದು ಬಂತು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಅದೇ ಚಾವುಂಡರಾಯ. ಬೆಳಗೊಳದ ಬೆಟ್ಟ ಹತ್ತುವ ಲಕ್ಷಾಂತರ ಜನರಿಗೆ ಆ ಅಹಿಂಸಾಮೂರ್ತಿಯನ್ನು ಮಾಡಿಸಿದವನು ಹರಪನಹಳ್ಳಿ ಸೀಮೆಯ ಈ ಗುಡ್ಡದ ಮೇಲೆ ಕತ್ತಿ ಹಿಡಿದು ಹೆಸರು ಮಾಡಿದ್ದ ಎಂಬುದು ನೆನಪಿಗೆ ಬರುವುದಿಲ್ಲ.

ನೊಳಂಬರ ನಂತರ ಬಂದವರು ಪಾಂಡ್ಯರು. ಮದುರೆಯ ಪಾಂಡ್ಯರಲ್ಲ, ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಆಳಿದ ಉಚ್ಚಂಗಿಯ ಪಾಂಡ್ಯರು. ಹೊಯ್ಸಳರಿಗೂ ಇವರಿಗೂ ಎರಡು ಮೂರು ತಲೆಮಾರು ಜಗಳ. ಕೊನೆಗೆ ಹೊಯ್ಸಳ ಇಮ್ಮಡಿ ವೀರಬಲ್ಲಾಳ 12ನೇ ಶತಮಾನದ ಕೊನೆಯ ಭಾಗದಲ್ಲಿ ಗುಡ್ಡ ಹತ್ತಿ ಕೋಟೆಯನ್ನು ಹಿಡಿದ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ, ಆಗದೆಂದು ಬಿಟ್ಟುಹೋದ ಕೋಟೆಯನ್ನು ಬಲ್ಲಾಳ ಲೀಲೆಯಿಂದ ಗೆದ್ದನೆಂದು ಹೊಯ್ಸಳರ ಶಾಸನಕವಿಗಳು ಕೊಂಡಾಡಿದರು. 'ಗಿರಿದುರ್ಗಮಲ್ಲ', 'ಶನಿವಾರಸಿದ್ಧಿ' ಎಂಬ ಬಿರುದುಗಳು ಅವನಿಗೆ ಅಂಟಿಕೊಂಡವು. ಆಸ್ಥಾನಕವಿಯ ಮಾತನ್ನು ಅರ್ಧ ಕಳೆದು ಓದಬೇಕು. ಆದರೂ ಗುಡ್ಡದ ಬುಡದಲ್ಲಿ ನಿಂತು ಮೇಲೆ ನೋಡಿದವರಿಗೆ ಹನ್ನೆರಡು ವರ್ಷ ಎಂಬುದು ತೀರಾ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ. ಸೋತು ಶರಣು ಬಂದ ಪಾಂಡ್ಯನಿಗೆ ಬಲ್ಲಾಳ ರಾಜ್ಯವನ್ನು ಹಿಂದಿರುಗಿಸಿದ ಎಂಬ ಮಾತೂ ಶಾಸನದಲ್ಲೇ ಇದೆ.

ರಾಜರೆಲ್ಲ ಹೋದರು, ಗುಡ್ಡದ ಮೇಲೆ ಉಳಿದವಳು ಉಚ್ಚಂಗಿ ಯಲ್ಲಮ್ಮ. ಭರತ ಹುಣ್ಣಿಮೆಗೆ ಇಲ್ಲಿ ನಡೆಯುವ ಜಾತ್ರೆಗೆ ದಾವಣಗೆರೆ, ಚಿತ್ರದುರ್ಗ, ಬಳ್ಳಾರಿ, ಹಾವೇರಿ ಕಡೆಗಳಿಂದ ಜನ ಬಂಡಿ, ಟ್ರ್ಯಾಕ್ಟರು, ಬಸ್ಸು ಹಿಡಿದು ಬರುತ್ತಾರೆ. ಗಂಡ ಹೆಂಡತಿ ಸೇರಿ ಕೋಟೆ ಹತ್ತುವ ಪದ್ಧತಿ ಈ ಸೀಮೆಗೆ ಪ್ರವಾಸೋದ್ಯಮದಿಂದ ಬಂದದ್ದಲ್ಲ, ಈ ಜಾತ್ರೆಯಿಂದ ಬಂದದ್ದು. ಮದುವೆಯಾದ ವರ್ಷ ಜೋಡಿಯಾಗಿ ಅಮ್ಮನ ಮುಂದೆ ನಿಂತು ಬರುವುದು, ಮಗು ಹುಟ್ಟಿದ ಮೇಲೆ ಮೂವರಾಗಿ ಹೋಗಿ ಹರಕೆ ತೀರಿಸುವುದು. ಪಡ್ಡಲಗಿ, ಕೊಂಡಿ, ಅರಿಸಿನದ ಭಂಡಾರ, ಬೇವಿನ ಸೊಪ್ಪು, ಹೋಳಿಗೆಯ ಬುತ್ತಿ. ಕೋಟೆಯ ಹೆಬ್ಬಾಗಿಲ ಪಕ್ಕದ ಗೋಡೆಗೆ ಒರಗಿ ಬುತ್ತಿ ಬಿಚ್ಚುವವರಿಗೆ ಅದು ಪಾಂಡ್ಯರದೋ ಪಾಳೆಗಾರರದೋ ಎಂಬ ಚಿಂತೆಯಿಲ್ಲ. ಅದು ಅಮ್ಮನ ಗೋಡೆ.

ಅದೇ ಹುಣ್ಣಿಮೆಗೆ ಇನ್ನೊಂದು ಮುಖವೂ ಇತ್ತು. ಬಡ ಮನೆಗಳ, ಅದರಲ್ಲೂ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುತ್ತಿದ್ದದ್ದು ಇಂಥ ಜಾತ್ರೆಗಳಲ್ಲೇ. ಆ ಹುಡುಗಿಗೆ ಮದುವೆಯಿಲ್ಲ, ದಿಬ್ಬಣವಿಲ್ಲ. ಜೋಡಿಯಾಗಿ ಗುಡ್ಡ ಹತ್ತುವ ಭಾಗ್ಯವಂತೂ ಇಲ್ಲವೇ ಇಲ್ಲ. ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಇವತ್ತಿಗೂ ಜಾತ್ರೆಯ ಹೊತ್ತಿನಲ್ಲಿ ಅಧಿಕಾರಿಗಳು, ಪೊಲೀಸರು, ವಿಮುಕ್ತ ದೇವದಾಸಿಯರ ಸಂಘಟನೆಯವರು ಕಾವಲಿಗೆ ನಿಲ್ಲುವುದುಂಟು. ಒಂದು ಕಾಲಕ್ಕೆ ಚೋಳರನ್ನು ತಡೆಯಲು ಕಾವಲಿದ್ದ ಗುಡ್ಡದಲ್ಲಿ ಈಗ ಕಾವಲಿರುವುದು ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಬೀಳದಂತೆ. ಉಚ್ಚಂಗಿದುರ್ಗದ ಚರಿತ್ರೆ ಬರೆಯುವವರು ಬಿರುದುಗಳ ಪಟ್ಟಿ ಕೊಟ್ಟು ಇದನ್ನು ಬಿಟ್ಟರೆ ಅರ್ಧ ಚರಿತ್ರೆ ಬಿಟ್ಟಂತೆ.

ಹರಪನಹಳ್ಳಿಯ ಕಥೆ ಶುರುವಾಗುವುದೇ ಮದುವೆಯಿಂದ. 1565ರಲ್ಲಿ ವಿಜಯನಗರ ಕುಸಿದಾಗ ಬಳ್ಳಾರಿ–ಚಿತ್ರದುರ್ಗ ಸೀಮೆಯಲ್ಲಿ ಊರಿಗೊಬ್ಬ ನಾಯಕ ಎದ್ದ. ದಾದಯ್ಯ ಎಂಬ ಬೇಡರ ಮನೆತನದವನು ಹರಪನಹಳ್ಳಿ ಸಂಸ್ಥಾನದ ಮೂಲಪುರುಷ. ತಳವಾರಿಕೆ ಮಾಡಿಕೊಂಡಿದ್ದವನು ಸಮಯ ನೋಡಿ ಒಂದೆರಡು ಸಣ್ಣ ಸೀಮೆಗಳನ್ನು ಹಿಡಿದುಕೊಂಡ, ಆಮೇಲೆ ಚಿತ್ರದುರ್ಗದ ಪಾಳೆಗಾರನ ಮಗಳ ಕೈ ಹಿಡಿದ ಎಂದು ಬ್ರಿಟಿಷರ ಕಾಲದ ಗೆಜೆಟಿಯರುಗಳು ಹೇಳುತ್ತವೆ. ತಳವಾರನೊಬ್ಬ ಪಾಳೆಗಾರನಾಗುವುದಕ್ಕೆ ಕತ್ತಿಯೊಂದೇ ಸಾಲದು. ಅವನನ್ನು ಅಳಿಯನೆಂದು ಒಪ್ಪಿಕೊಳ್ಳುವ ದೊಡ್ಡ ಮನೆಯೊಂದು ಬೇಕು. ಮಗಳು ಬಂದರೆ ಅವಳ ಜೊತೆಗೆ ಆಳು, ಕುದುರೆ, ಮಾತಿಗೆ ಬೆಲೆ, ಕಷ್ಟಕಾಲಕ್ಕೆ ಮಾವನ ದಂಡು ಎಲ್ಲವೂ ಬರುತ್ತದೆ. ನೆರೆಯ ಪಾಳೆಗಾರನಿಗೂ ಅರ್ಥವಾಗುತ್ತದೆ: ಇವನ ಮೇಲೆ ಹೋದರೆ ದುರ್ಗದವರು ಬರುತ್ತಾರೆ.

ಇದು ಬೇಡ ಪಾಳೆಗಾರರದಷ್ಟೇ ರಾಜಕಾರಣವಲ್ಲ. ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಲೀಡ್ಸ್ ಕ್ಯಾಸಲ್ ಎಂಬ ನೀರಿನ ನಡುವಿನ ಕೋಟೆಯಿದೆ. 13ನೇ ಶತಮಾನದಿಂದ ಅದು ರಾಜನಿಂದ ರಾಣಿಗೆ ಜೀವನಾಂಶವಾಗಿ ಸಲ್ಲುತ್ತ ಬಂದ ಆಸ್ತಿ. ಒಬ್ಬಳ ನಂತರ ಒಬ್ಬಳಂತೆ ಹಲವು ರಾಣಿಯರು ಅದರ ಒಡತಿಯರಾದರು. ಅಲ್ಲಿ ಕೋಟೆಯನ್ನೇ ಹೆಣ್ಣಿನ ಹೆಸರಿಗೆ ಬರೆದರು. ನಮ್ಮಲ್ಲಿ ಬರೆಯಲಿಲ್ಲ, ಆದರೆ ಆಡಳಿತದಲ್ಲಿ ಹೆಣ್ಣಿನ ಕೈ ಇರಲಿಲ್ಲವೆಂದಲ್ಲ. ಪಾಳೆಗಾರರ ರಾಣಿಯರಿಗೆ 'ನಾಗತಿ' ಎಂಬ ಹೆಸರಿತ್ತು. ಚಿತ್ರದುರ್ಗದ ಕೊನೆಯ ಮದಕರಿಯನ್ನು ಜಾನಕಲ್ಲಿನಿಂದ ಹುಡುಗನಾಗಿರುವಾಗಲೇ ಕರೆತಂದು ಪಟ್ಟಕ್ಕೆ ಕೂರಿಸಿದವಳು ಹಿರಿಯ ರಾಣಿ ಗಂಡಿ ಓಬವ್ವ ನಾಗತಿ.

ಬೀಗತನ ಕಟ್ಟಿದ್ದನ್ನು ಮುಂದಿನ ತಲೆಮಾರುಗಳು ಕೆಡವಿದವು. ದಾದಯ್ಯನ ವಂಶದಲ್ಲಿ ಹೆಸರಾದವನು ಸೋಮಶೇಖರ ನಾಯಕ. ಅವನ ಕಾಲಕ್ಕೆ ಹರಪನಹಳ್ಳಿ ಬಳ್ಳಾರಿ ಸೀಮೆಯ ದೊಡ್ಡ ಪಾಳೆಯಪಟ್ಟುಗಳಲ್ಲಿ ಒಂದು. 1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ಚಿತ್ರದುರ್ಗದ ಹಿರೇ ಮದಕರಿ ನಾಯಕ ಒಂದು ಕಡೆ. ಬಿದನೂರು, ರಾಯದುರ್ಗ, ಸವಣೂರು, ಹರಪನಹಳ್ಳಿಗಳು ಸೇರಿದ ಕೂಟ ಇನ್ನೊಂದು ಕಡೆ. ಮರಾಠರ ಸೆರೆಯಿಂದ ಹೊರಬಂದ ಚಂದಾಸಾಹೇಬ ದುರ್ಗದ ಪರ ನಿಂತಿದ್ದ. ಮದಕರಿ ಅಲ್ಲಿ ಮಡಿದ. ಆನೆಗೆ ಆನೆ ಹಾಯಿಸಿ ಅವನನ್ನು ಕೊಂದವನು ಸೋಮಶೇಖರ ನಾಯಕನೇ ಎಂದು ಕಥನಗಳು ಹೇಳುತ್ತವೆ. ಮೂಲಪುರುಷನಿಗೆ ಹೆಣ್ಣು ಕೊಟ್ಟ ಮನೆಯ ದೊರೆಯನ್ನು ಆ ವಂಶದವನೇ ಕೊಂದಂತಾಯಿತು. ಹೆಣ್ಣು ಕೊಟ್ಟು ತಂದ ಮನೆಗಳ ನಡುವಿನ ಜಗಳ ಹೊರಗಿನವರ ಜಗಳಕ್ಕಿಂತ ಬಿರುಸು ಎಂಬುದನ್ನು ಹಳ್ಳಿಯಲ್ಲಿ ಬೆಳೆದವರಿಗೆ ವಿವರಿಸಬೇಕಿಲ್ಲ.

ಮುಂದಿನದು ಬೇಗ ಹೇಳಿ ಮುಗಿಸುವಂಥದ್ದು. ಹೈದರಲಿ 1779ರಲ್ಲಿ ಚಿತ್ರದುರ್ಗವನ್ನು ಹಿಡಿದು ಕೊನೆಯ ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1780ರ ದಶಕದಲ್ಲಿ ಟಿಪ್ಪು, ತನ್ನ ಪರವಾಗಿ ಮರಾಠರ ಮೇಲೆ ಕಾದಿದ್ದ ಹರಪನಹಳ್ಳಿ, ರಾಯದುರ್ಗಗಳ ಪಾಳೆಗಾರರನ್ನೇ ಸೆರೆಹಿಡಿದ. 1800ರಲ್ಲಿ ನಿಜಾಮನಿಂದ ಈ ಸೀಮೆ ಕಂಪನಿಗೆ ಬಂದಾಗ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ನಿಜಾಮ ಹೀಗೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಎಂಬತ್ತು ಪಾಳೆಗಾರರಿದ್ದರು. ಕೆಲವರಿಗೆ ಪಿಂಚಣಿ ಕೊಟ್ಟು, ಕೆಲವರನ್ನು ಓಡಿಸಿ, ಎಲ್ಲರ ಆಯುಧ ಕಿತ್ತುಕೊಂಡು ಮನ್ರೋ ಏಳು ವರ್ಷಗಳಲ್ಲಿ ಆ ಯುಗವನ್ನೇ ಮುಗಿಸಿದ. ಕೋಟೆಗೆ ಕೆಲಸ ತಪ್ಪಿತು. ಗೋಡೆಯ ಕಲ್ಲು ಮನೆಗಳ ಅಡಿಪಾಯಕ್ಕೆ, ಬಾವಿಯ ಕಟ್ಟೆಗೆ, ಹೊಲದ ಬದುವಿಗೆ ಹೋಯಿತು. ಹರಪನಹಳ್ಳಿ ಪೇಟೆಯಲ್ಲಿ ಕೋಟೆಯನ್ನು ಹುಡುಕಿಕೊಂಡು ಹೋದವರಿಗೆ ಸಿಗುವುದು ತುಂಡು ತುಂಡು ಗೋಡೆ, ಓಣಿಯ ಹೆಸರು, ಕೆರೆ.

ಕೋಟೆಯನ್ನು ಕೋಟೆಯ ಹಾಗೆಯೇ ನೋಡಬೇಕೆಂದರೆ ಕೂಡ್ಲಿಗಿ ತಾಲ್ಲೂಕಿಗೆ ಬರಬೇಕು. ಕೂಡ್ಲಿಗಿಯಿಂದ ಪೂರ್ವಕ್ಕೆ ಹೊರಟರೆ ನೆಲ ಕೆಂಪಾಗುತ್ತ, ಬಂಡೆ ಹೆಚ್ಚಾಗುತ್ತ, ಗುಡೇಕೋಟೆ ತಲುಪುವ ಹೊತ್ತಿಗೆ ಬಂಡೆಗಳ ನಡುವೆ ಊರೋ ಊರಿನ ನಡುವೆ ಬಂಡೆಯೋ ತಿಳಿಯದಂತಾಗುತ್ತದೆ. ಇಲ್ಲಿನ ಪಾಳೆಗಾರರು ಚಿತ್ರದುರ್ಗದಷ್ಟು ದೊಡ್ಡವರಲ್ಲ. ಕಟ್ಟಿದ ರೀತಿ ಮಾತ್ರ ಅದೇ. ಗುಡ್ಡದ ಹೆಬ್ಬಂಡೆಗಳನ್ನು ಹಾಗೆಯೇ ಬಿಟ್ಟು, ಎರಡು ಬಂಡೆಗಳ ನಡುವಿನ ಸಂದಿಗೆ ಮಾತ್ರ ಗೋಡೆ ಹಾಕಿದ್ದಾರೆ. ಖರ್ಚು ಕಡಿಮೆ, ಭದ್ರತೆ ಹೆಚ್ಚು.

ಆ ಗೋಡೆಯನ್ನು ಹತ್ತಿರದಿಂದ ನೋಡಿದರೆ ಒಡ್ಡರ ಕೈಚಳಕ ಕಾಣುತ್ತದೆ. ದೊಡ್ಡ ಕಲ್ಲಿನ ಅಂಚಿನಲ್ಲಿ ಗೇಣುದ್ದಕ್ಕೂ ಕಡಿಮೆ ಅಂತರದಲ್ಲಿ ಸಾಲಾಗಿ ಹಲ್ಲಿನಂಥ ಗುಳಿಗಳಿವೆ. ಬಂಡೆಗೆ ಉಳಿಯಿಂದ ಗುಳಿ ತೋಡಿ, ಬೆಣೆ ಬಡಿದು ಸೀಳಿದ ಗುರುತು ಅದು. ಸೀಳಿದ ಮುಖ ಹೊರಗೆ, ಒರಟು ಮುಖ ಒಳಗೆ. ಗಾರೆಯಿಲ್ಲ, ಕಲ್ಲಿಗೂ ಕಲ್ಲಿಗೂ ನಡುವೆ ಬೆರಳಗಲದ ಚಕ್ಕೆ ತುರುಕಿ ಅಲುಗದಂತೆ ಕೂರಿಸಿದ್ದಾರೆ. ಬಾಗಿಲ ಹತ್ತಿರ ಬಂದರೆ ದಾರಿ ನೇರವಾಗಿ ಒಳಗೆ ಹೋಗುವುದಿಲ್ಲ, ಒಮ್ಮೆ ಎಡಕ್ಕೆ, ಮತ್ತೊಮ್ಮೆ ಬಲಕ್ಕೆ ತಿರುಗುತ್ತದೆ. ಆನೆ ಓಡಿಬಂದು ಕದಕ್ಕೆ ಹಣೆ ಕೊಡಬಾರದೆಂಬ ಲೆಕ್ಕಾಚಾರ. ಹೊಸ್ತಿಲಲ್ಲಿ ಕದದ ಕೀಲು ತಿರುಗಿ ತಿರುಗಿ ನುಣುಪಾದ ಗುಳಿ. ಅದರಲ್ಲಿ ಈಗ ಮಳೆಗಾಲದಲ್ಲಿ ಅಂಗೈಯಷ್ಟು ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಬೀಡಿ ತುಂಡು.

ಸಂಜೆ ಹೊತ್ತಿಗೆ ಊರಿನವರ ಎಚ್ಚರಿಕೆ ಶುರುವಾಗುತ್ತದೆ: "ಹೊತ್ತು ಮುಳುಗೋ ಮುಂದ ಗುಡ್ಡದ ಕಡಿ ಹೋಗಬ್ಯಾಡ್ರಿ, ಕರಡಿ ಇರ್ತಾವ." ಹೆದರಿಸುವ ಮಾತಲ್ಲ ಅದು. ಗುಡೇಕೋಟೆಯ ಸುತ್ತಿನ ಕುರುಚಲು ಕಾಡು ಈಗ ಕರಡಿಧಾಮ. ನಾಯಕರ ಕಾವಲುಗಾರರು ಕೂರುತ್ತಿದ್ದ ಬಂಡೆಗಳ ಬಿಲಗಳಲ್ಲಿ ಕರಡಿ ಮರಿ ಹಾಕುತ್ತದೆ, ಕವಳೆ, ಕಾರೆ ಹಣ್ಣಿನ ಕಾಲಕ್ಕೆ ಕೆಳಗಿಳಿಯುತ್ತದೆ. ಕೋಟೆಗೆ ಬರುವ ಜೋಡಿಗಳು ನಾಲ್ಕರ ನಂತರ ಮೇಲೆ ಉಳಿಯದಿರುವುದು ಮೇಲು.

ಗುಡೇಕೋಟೆಗೆ ದೊಡ್ಡ ಹೆಸರು ತಂದದ್ದು ಯಾವ ನಾಯಕನೂ ಅಲ್ಲ, ಈ ಊರಿನಿಂದ ಮದುವೆಯಾಗಿ ಹೋದ ಒಬ್ಬ ಮಗಳು. ಒನಕೆ ಓಬವ್ವನ ತವರು ಗುಡೇಕೋಟೆ ಎಂದು ಈ ಭಾಗದ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಚಿತ್ರದುರ್ಗದ ಕೋಟೆಯ ಕಹಳೆಯವನಾದ ಮುದ್ದಹನುಮನ ಹೆಂಡತಿಯಾಗಿ ಅವಳು ಆ ಕೋಟೆ ಸೇರಿದಳು. ಹೈದರನ ಮುತ್ತಿಗೆಯ ಒಂದು ಮಧ್ಯಾಹ್ನ ಗಂಡ ಊಟಕ್ಕೆ ಬಂದಿದ್ದಾನೆ, ಅವಳು ನೀರಿಗೆಂದು ಹೋಗಿದ್ದಾಳೆ, ಬಂಡೆಯ ಕಿಂಡಿಯಲ್ಲಿ ಶತ್ರುಗಳ ಪಿಸುಮಾತು ಕೇಳಿದೆ. ಮುಂದಿನದು ಕನ್ನಡದ ಪ್ರತಿ ಮಗುವಿಗೂ ಗೊತ್ತು. ಒಬ್ಬೊಬ್ಬನೇ ತೂರಿ ಬಂದ, ಒನಕೆಯ ಏಟಿಗೆ ಒಬ್ಬೊಬ್ಬನೇ ಬಿದ್ದ.

ಈ ಕಥೆ ಬಾಯಿಂದ ಬಾಯಿಗೆ ಬಂದದ್ದು. ಹೇಳುವವರೆಲ್ಲ ತಪ್ಪದೆ ಹೇಳುವ ಒಂದು ವಿವರವಿದೆ: ಉಣ್ಣುತ್ತಿದ್ದ ಗಂಡನನ್ನು ಓಬವ್ವ ಎಬ್ಬಿಸಲಿಲ್ಲ. ಅದನ್ನು ಪತಿಭಕ್ತಿ ಎಂದು ಹೊಗಳುವುದು ರೂಢಿ. ಆದರೆ ಗುಡೇಕೋಟೆಯ ಸಂದಿಗೊಂದಿಗಳನ್ನು ನೋಡಿದವರಿಗೆ ಬೇರೆಯೇ ತೋರಬಹುದು. ಬಂಡೆಯ ಸಂದಿ ಎಂದರೇನು, ಅದರಲ್ಲಿ ಎಷ್ಟು ಜನ ಒಟ್ಟಿಗೆ ನುಗ್ಗಬಹುದು, ಎಲ್ಲಿ ನಿಂತರೆ ಒಬ್ಬರೇ ತಡೆಯಬಹುದು ಎಂಬ ಅಂದಾಜು ಇಂಥ ಊರಿನಲ್ಲಿ ಆಡಿ ಬೆಳೆದ ಹುಡುಗಿಗೆ ಹುಟ್ಟಿನಿಂದಲೇ ಇರುತ್ತದೆ. ಗಂಡನನ್ನು ಕರೆಯುವ ಅಗತ್ಯವೇ ಅವಳಿಗೆ ಕಾಣದೆ ಇದ್ದಿರಬಹುದು. ದುರ್ಗವನ್ನು ಕಾಯ್ದದ್ದು ತವರಿನಲ್ಲಿ ಕಲಿತ ವಿದ್ಯೆ ಎಂದು ಗುಡೇಕೋಟೆಯವರು ಎದೆಯುಬ್ಬಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ರಾಜ್ಯ ಸರ್ಕಾರ 2021ರಿಂದ ನವೆಂಬರ್ 11ನ್ನು ಓಬವ್ವ ಜಯಂತಿಯಾಗಿ ಆಚರಿಸುತ್ತಿದೆ.

ಓಬವ್ವನನ್ನು ಇಡೀ ನಾಡಿಗೆ ಮುಟ್ಟಿಸಿದ್ದು ಸಿನಿಮಾ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಕಾಣಿಸಿಕೊಂಡದ್ದು ಕೆಲವೇ ನಿಮಿಷ. ಅದೇ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರು ರಾಮಾಚಾರಿ ಮತ್ತು ಅಲಮೇಲುವನ್ನು ಅದೇ ದುರ್ಗದ ಬಂಡೆಗಳ ನಡುವೆ ನಿಧಾನಗತಿಯಲ್ಲಿ ಓಡಿಸಿದರು. ತ.ರಾ.ಸು. ಕಾದಂಬರಿಗಳನ್ನು ಆಧರಿಸಿದ ಈ ಚಿತ್ರ ಬರುವ ತನಕ ಕೋಟೆಗೆ ಹೋಗುವುದೆಂದರೆ ದೇವರಿಗೆ, ಜಾತ್ರೆಗೆ, ಶಾಲೆಯ ಪ್ರವಾಸಕ್ಕೆ. ಆಮೇಲೆ ಕೋಟೆ ಪ್ರೇಮಿಗಳಿಗೂ ಸಲ್ಲುವ ಜಾಗವಾಯಿತು. ಕೂಡ್ಲಿಗಿ, ಕೊಟ್ಟೂರಿನ ಟೂರಿಂಗ್ ಟಾಕೀಸುಗಳಲ್ಲಿ ನೆಲದ ಮೇಲೆ ಕೂತು ಅದನ್ನು ನೋಡಿದವರ ಮೊಮ್ಮಕ್ಕಳು ಇವತ್ತು ಮದುವೆಗೆ ಮುಂಚಿನ ಫೋಟೋಶೂಟಿಗೆ ಗೌನು ಬಾಡಿಗೆಗೆ ತಂದು ಬತೇರಿ ಹತ್ತುತ್ತಾರೆ. ಒಂದೇ ಚಿತ್ರದಲ್ಲಿ ಒನಕೆ ಹಿಡಿದ ಹೆಂಡತಿಯೂ ಕೈ ಹಿಡಿದು ಓಡುವ ಹುಡುಗಿಯೂ ಇದ್ದರು. ಕ್ಯಾಮೆರಾದವರು ಕೇಳುವುದು ಎರಡನೆಯವಳ ಭಂಗಿಯನ್ನು ಮಾತ್ರ.

ಪ್ರೇಮದ ಇನ್ನೊಂದು ಗುರುತು ಗೋಡೆಗಳ ಮೇಲಿದೆ. ಬಾಣ ಚುಚ್ಚಿದ ಹೃದಯ, ಎರಡು ಇಂಗ್ಲಿಷ್ ಅಕ್ಷರ, ನಡುವೆ ಕೂಡಿಸುವ ಚಿಹ್ನೆ. ಸಂರಕ್ಷಿತ ಸ್ಮಾರಕದ ಮೇಲೆ ಹೀಗೆ ಕೆತ್ತಿದರೆ 1958ರ ಕೇಂದ್ರ ಕಾಯ್ದೆಯಂತೆ ಸೆರೆವಾಸ, ದಂಡ ಎರಡೂ ಉಂಟು. ಇಬ್ಬರ ಹೆಸರು ಕಲ್ಲಿನ ಮೇಲೆ ಉಳಿಯಬೇಕೆಂಬ ಆಸೆಗೆ ಈ ಸೀಮೆಯಲ್ಲೇ ಒಳ್ಳೆಯ ಮೇಲ್ಪಂಕ್ತಿಯಿದೆ. ಹೂವಿನ ಹಡಗಲಿಯ ಕೇಶವಸ್ವಾಮಿ ದೇಗುಲವನ್ನು 1090ರಲ್ಲಿ ಕಟ್ಟಿಸಿದವಳು ರೆಬ್ಬಲದೇವಿ. ಅವಳ ಗಂಡ ರವಿದೇವ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ. ಗಂಡ ದಂಡಿನ ಜೊತೆ ಊರೂರು ಅಲೆಯುತ್ತಿದ್ದವನು, ಹೆಂಡತಿ ಊರಲ್ಲಿ ದೇವಸ್ಥಾನ ನಿಲ್ಲಿಸಿದಳು. ಒಂಬತ್ತು ಶತಮಾನ ದಾಟಿದರೂ ಇಬ್ಬರ ಹೆಸರೂ ಒಟ್ಟಿಗಿದೆ. ಅವನು ಗೆದ್ದ ಕೋಟೆಗಳ ಹೆಸರು ಹಡಗಲಿಯಲ್ಲಿ ಯಾರನ್ನು ಕೇಳಿದರೂ ಸಿಗದು.

ಹಡಗಲಿ ಸೀಮೆಯಲ್ಲಿ ಕೋಟೆಗಿಂತ ಗುಡಿಗಳದೇ ಮೇಲುಗೈ. ಹಿರೇಹಡಗಲಿ, ಮಾಗಳ, ಕುರುವತ್ತಿಗಳ ಚಾಲುಕ್ಯ ಗುಡಿಗಳನ್ನು ಪುರಾತತ್ವಜ್ಞ ಅಲೆಕ್ಸಾಂಡರ್ ರೀ 1896ರಲ್ಲಿ ತನ್ನ ಗ್ರಂಥದಲ್ಲಿ ನಕ್ಷೆ ಸಮೇತ ದಾಖಲಿಸಿದ. ಹರಪನಹಳ್ಳಿ ಬಳಿಯ ಬಾಗಳಿಯ ಕಲ್ಲೇಶ್ವರವೂ ಅವುಗಳಲ್ಲಿ ಸೇರಿದೆ. 987ರ ಶಾಸನದಲ್ಲಿ ಹೆಸರಿರುವ ದುಗ್ಗಿಮಯ್ಯ ಎಂಬವನು ಕಟ್ಟಿಸಿದ ಈ ಗುಡಿಯ ಗೋಪುರದ ಮೇಲೆ ಮಿಥುನ ಶಿಲ್ಪಗಳ ಸಾಲಿದೆ. ಅತ್ತೆ ಮಾವನ ಜೊತೆ ಬಂದ ಹೊಸ ಜೋಡಿ ಅಲ್ಲಿ ಕಣ್ಣು ನೆಲಕ್ಕಿಟ್ಟು ಪ್ರದಕ್ಷಿಣೆ ಮುಗಿಸುತ್ತದೆ. ಇಬ್ಬರೇ ಬಂದವರು ತಲೆಯೆತ್ತಿ ಒಂದು ಸುತ್ತು ಹೆಚ್ಚಿಗೆ ಹಾಕುತ್ತಾರೆ.

ಹಗರಿಬೊಮ್ಮನಹಳ್ಳಿ ಕಡೆ ದೊಡ್ಡ ದುರ್ಗಗಳಿಲ್ಲ. ಇದ್ದದ್ದು ಹಳ್ಳಿಯ ಹುಡೇವುಗಳು. ನೆರೆಯ ಪಾಳೆಗಾರನ ದಂಡೋ ಪಿಂಡಾರಿಗಳ ಹಿಂಡೋ ಬಂತೆಂದರೆ ಹೆಂಗಸರು, ಮಕ್ಕಳು, ದನ, ಕಾಳು ಎಲ್ಲವನ್ನೂ ಒಳಗೆ ತುಂಬಿಸಿ, ಗಂಡಸರು ಮೇಲೆ ನಿಂತು ಕವಣೆ ಬೀಸಲು ಕಟ್ಟಿಕೊಂಡ ಮಣ್ಣು–ಕಲ್ಲಿನ ಗುಂಡು ಗೋಪುರ. ಇದು ಯಾವ ರಾಜನದೂ ಅಲ್ಲ, ಊರಿನದು. ಬಹಳಷ್ಟು ಕರಗಿಹೋಗಿವೆ, 1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟೆಯ ಹಿನ್ನೀರು ಏರಿದಾಗ ಈ ಭಾಗದ ಹಳ್ಳಿಗಳೇ ನೀರಿನ ಪಾಲಾದವು. ಈಗ ಅಂಕಸಮುದ್ರದ ಕೆರೆಯ ಜಾಲಿಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಕೋಟೆ ಕಾಣದ ನಿರಾಸೆಯಲ್ಲಿ ಬಂದ ಜೋಡಿಗಳಿಗೆ ಅದೇ ಸಮಾಧಾನ.

ಜರಿಮಲೆಗೆ ಹೋಗುವ ದಾರಿ ಕೂಡ್ಲಿಗಿಯಿಂದ ದಕ್ಷಿಣಕ್ಕೆ. ಹೆಸರಿಗೆ ಸಣ್ಣ ಪಾಳೆಯಪಟ್ಟು. ವಿಜಯನಗರದ ಅರಸರ ಊಳಿಗದಿಂದ ಮೇಲೆ ಬಂದ ನಾಯಕರ ಮನೆತನ, ಗುಡ್ಡದ ಮೇಲೆ ಕೋಟೆ, ಕೆಳಗೆ ಊರು. ನೋಡಲು ಗುಡೇಕೋಟೆಯಷ್ಟು ಸೊಗಸಿಲ್ಲ. ಆದರೆ ಮನ್ರೋ ಕಿತ್ತುಕೊಳ್ಳಲಾಗದ ಒಂದು ಅಧಿಕಾರ ಈ ಮನೆತನಕ್ಕೆ ಉಳಿದಿದೆ. ಕೊಟ್ಟೂರು ತಾಲ್ಲೂಕಿನ ಉಜ್ಜಿನಿ ಪಂಚಪೀಠಗಳಲ್ಲಿ ಒಂದು. ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಗಾದೆ ಹುಟ್ಟಿಸಿದಷ್ಟು ಸೂಕ್ಷ್ಮ ಕೆತ್ತನೆ ಅಲ್ಲಿನ ಮರುಳಸಿದ್ಧೇಶ್ವರ ಗುಡಿಯೊಳಗಿದೆ. ಜಾತ್ರೆಯಲ್ಲಿ ಆ ಗುಡಿಯ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ. ತುದಿಯಿಂದ ಬುಡದವರೆಗೆ ಇಡೀ ಗೋಪುರವೇ ಎಣ್ಣೆಯಲ್ಲಿ ಮೀಯುತ್ತದೆ. ಸಂಪ್ರದಾಯದಂತೆ ಮೊದಲ ಎಣ್ಣೆ ಜರಿಮಲೆಯ ಪಾಳೆಗಾರರ ಮನೆಯಿಂದ ಬರಬೇಕು. ಆ ಎಣ್ಣೆ ಸುರಿದ ಮೇಲೆಯೇ ಉಳಿದ ಭಕ್ತರ ಸರದಿ.

ಎಣ್ಣೆಯ ಈ ಹಕ್ಕು ಉಳಿದಂತೆ ಗಡಿಗಳು ಉಳಿಯಲಿಲ್ಲ. ಈ ಐದೂ ತಾಲ್ಲೂಕುಗಳ ಗಡಿ ಪಾಳೆಗಾರರ ಕಾಲದಿಂದಲೂ ನಿಂತಲ್ಲಿ ನಿಂತಿಲ್ಲ. ಮದರಾಸು ಪ್ರಾಂತದಿಂದ 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಬಂದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಎರಡು ದಶಕ ಕಳೆದ ಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಫಲಕಗಳಲ್ಲಿ ಜಿಲ್ಲೆಯ ಹೆಸರು ಬದಲಾದಷ್ಟು ಬಾರಿ ಹೆಣ್ಣು ಕೊಟ್ಟು ತರುವ ಊರುಗಳು ಬದಲಾಗಿಲ್ಲ. ಹರಪನಹಳ್ಳಿಯವರ ಸೊಸೆ ಈಗಲೂ ಚಿತ್ರದುರ್ಗ ಕಡೆಯಿಂದ ಬರುತ್ತಾಳೆ, ಕೂಡ್ಲಿಗಿಯ ಮಗಳು ಈಗಲೂ ಮೊಳಕಾಲ್ಮೂರು, ಜಗಳೂರಿಗೆ ಹೋಗುತ್ತಾಳೆ.

ಹೊರಡುವವರಿಗೆ ಕಾಲ ಗೊತ್ತಿರಬೇಕು. ಮಾಘದಲ್ಲಿ ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಜಾತ್ರೆ. ಅದರ ಬೆನ್ನಿಗೇ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕ. ಹತ್ತು ದಿನ ಬಿಟ್ಟು ಕೊಟ್ಟೂರೇಶ್ವರನ ತೇರು; ಹೊಸ ಜೋಡಿಗಳು ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುವುದು ಆಗಲೇ. ಆ ದಿನಗಳಲ್ಲಿ ಈ ದಾರಿಗಳಲ್ಲಿ ಬೈಕು ಓಡಿಸುವುದಕ್ಕಿಂತ ಬಂಡಿಗಳ ಸಾಲಿನ ಹಿಂದೆ ನಡೆಯುವುದೇ ಬೇಗ. ಗದ್ದಲ ಬೇಡವೆಂದರೆ ಕಾರ್ತಿಕದಲ್ಲಿ, ಮಳೆ ನಿಂತು ಹೊಂಡಗಳಲ್ಲಿ ನೀರಿರುವಾಗ, ಬೆಳಿಗ್ಗೆ ಏಳಕ್ಕೆ ಗುಡೇಕೋಟೆಯ ಬುಡದಲ್ಲಿರುವಂತೆ ಹೊರಡಬೇಕು. ನೀರು, ಬುತ್ತಿ ಜೊತೆಗಿರಲಿ, ಮೇಲೆ ಅಂಗಡಿಯಿಲ್ಲ.